ಹಳೇ ಬೂಟಿನಿಂದ ಬ್ರೇಕ್ ಪ್ಯಾಡಿನವರೆಗೆ: ಒಂದು ಶಾಖದ ಲೆಕ್ಕ

1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ ಬರ್ತಾ ಬೆಂಜ್ ಅವರು ಗಂಡನಿಗೆ ಹೇಳದೆಯೇ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೊರಟರು. ಗಂಡ ಕಾರ್ಲ್ ಬೆಂಜ್ ಕಟ್ಟಿದ ಮೂರು ಚಕ್ರದ ಮೋಟಾರು ಗಾಡಿ, ಮ್ಯಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗಿಂತ ತುಸು ಹೆಚ್ಚಿನ ದಾರಿ. ಏರು ಬಂದಾಗ ಇಳಿದು ತಳ್ಳಿದರಾಯಿತು. ಇಳಿಜಾರಿಗೆ ಆ ಉಪಾಯವಿರಲಿಲ್ಲ. ಚಕ್ರವನ್ನು ಒತ್ತಿ ಹಿಡಿಯುವ ಮರದ ತುಂಡುಗಳು ಸವೆದುಹೋಗುತ್ತಿದ್ದವು. ದಾರಿಯಲ್ಲಿ ಸಿಕ್ಕ ಬೂಟು ಹೊಲಿಯುವವನ ಕೈಲಿ ಬರ್ತಾ ಆ ತುಂಡುಗಳಿಗೆ ಚರ್ಮ ಹೊಡೆಸಿದರು. ಬ್ರೇಕ್ ಲೈನಿಂಗಿನ ಕತೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಶುರು ಮಾಡುತ್ತಾರೆ.

ಇವತ್ತು ಕಾರಿನ ಹುಚ್ಚಿರುವ ಯಾರನ್ನು ಕಂಡರೂ ಒಂದು ಪ್ರಶ್ನೆ ಬರುತ್ತದೆ: 'ದಿನಾ ಆಫೀಸಿಗೂ ಓಡಿಸಬೇಕು, ಆಗಾಗ ರೇಸ್ ಟ್ರ್ಯಾಕಿಗೂ ಇಳಿಯಬೇಕು. ಎರಡಕ್ಕೂ ಆಗುವ ಒಳ್ಳೇ ಬ್ರೇಕ್ ಪ್ಯಾಡ್ ಯಾವುದು?' ಪ್ರಶ್ನೆ ಹೊಸದಲ್ಲ. ಬ್ರೇಕಿನ ಇತಿಹಾಸವೆಲ್ಲ ಇದಕ್ಕೆ ಉತ್ತರ ಹುಡುಕಿದ ಕತೆಯೇ.

ಮೊದಲು ಒಂದು ಲೆಕ್ಕ. ಬ್ರೇಕ್ ವೇಗವನ್ನು ಅಳಿಸುವುದಿಲ್ಲ, ಶಾಖವಾಗಿ ಬದಲಾಯಿಸುತ್ತದೆ. 1,200 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಹೊರಬೀಳುವ ಶಕ್ತಿಯಲ್ಲಿ ಸುಮಾರು ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ವೇಗ 200 ಆದರೆ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಷ್ಟೂ ಶಾಖ ಹುಟ್ಟುವುದು ಅಂಗೈಯಗಲದ ಕೆಲವು ಪ್ಯಾಡುಗಳು ಡಿಸ್ಕಿಗೆ ಉಜ್ಜುವ ಜಾಗದಲ್ಲಿ, ಕೆಲವೇ ಸೆಕೆಂಡುಗಳಲ್ಲಿ.

ಈ ಶಾಖವನ್ನು ತಡೆಯುವ ವಸ್ತುವಿನ ಹಿಂದೆ ಬಿದ್ದವನು ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್. ಡರ್ಬಿಶೈರಿನ ಗುಡ್ಡಗಳಲ್ಲಿ ಗಾಡಿ ಹೊಡೆಯುವವರು ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡಿಗೆ ಹಳೇ ಬೂಟು ಕಟ್ಟುತ್ತಿದ್ದರಂತೆ. ಅದನ್ನು ಕಂಡ ಫ್ರೂಡ್ 1897ರ ಹೊತ್ತಿಗೆ ಬೇರೆ ಬೇರೆ ವಸ್ತುಗಳನ್ನು ಪರೀಕ್ಷಿಸತೊಡಗಿದ. ತನ್ನ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿ, ಹೆಂಡತಿ ಎಲಿಜಬೆತ್‌ಳ ಮೊದಲಕ್ಷರ ಸೇರಿಸಿ, ಕಂಪನಿಗೆ ಫೆರೋಡೋ ಎಂದು ಹೆಸರಿಟ್ಟ. ಮೊದಮೊದಲ ಲೈನಿಂಗುಗಳು ಕೂದಲು, ಹತ್ತಿಯ ನೇಯ್ಗೆಗೆ ಅಂಟು ಕುಡಿಸಿದವು. ಕುದುರೆಗಾಡಿಗೆ ಅವು ಸಾಕಾಗಿದ್ದವು, ಮೋಟಾರಿನ ವೇಗಕ್ಕೆ ಕರಿಕಲಾಗುತ್ತಿದ್ದವು. 1908ರ ಸುಮಾರಿಗೆ ಫ್ರೂಡ್ ಆಸ್ಬೆಸ್ಟಾಸಿಗೆ ತಿರುಗಿದ.

ಆಸ್ಬೆಸ್ಟಾಸಿಗೆ ಕನ್ನಡದಲ್ಲಿ 'ಕಲ್ನಾರು' ಎಂಬ ಅಚ್ಚುಕಟ್ಟಾದ ಹೆಸರಿದೆ. ಕಲ್ಲೂ ಹೌದು, ನಾರೂ ಹೌದು: ಬೆಂಕಿಗೆ ಹೆದರುವುದಿಲ್ಲ, ಬಟ್ಟೆಯಂತೆ ನೇಯಬಹುದು, ಅಗ್ಗ. ಮುಂದಿನ ಎಪ್ಪತ್ತು ಎಂಬತ್ತು ವರ್ಷ ಜಗತ್ತಿನ ಬಹುಪಾಲು ಗಾಡಿಗಳನ್ನು ನಿಲ್ಲಿಸಿದ್ದು ಅದೇ.

ಅದರ ಬೆಲೆ ಬಿಲ್ಲಿನಲ್ಲಿ ಕಾಣುವಂಥದ್ದಲ್ಲ. 1924ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಶಾ ಎಂಬ 33 ವರ್ಷದ ಹೆಂಗಸು ತೀರಿಕೊಂಡಳು. ಅವಳ ಶ್ವಾಸಕೋಶದಲ್ಲಿ ಖನಿಜದ ಕಣಗಳನ್ನು ಕಂಡ ಡಾ. ವಿಲಿಯಂ ಕುಕ್ ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಆದರೂ ಬ್ರಿಟನ್ ಬಿಳಿ ಕಲ್ನಾರನ್ನು ನಿಷೇಧಿಸಿದ್ದು 1999ರಲ್ಲಿ. ನಮ್ಮ ಸುಪ್ರೀಂ ಕೋರ್ಟು 1995ರಲ್ಲಿ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿಯೇ, ದುಡಿಯುವವರ ಆರೋಗ್ಯ ಮೂಲಭೂತ ಹಕ್ಕು ಎಂದು ಹೇಳಿತು. ಹಳೇ ಗಾಡಿಯ ಡ್ರಮ್ ಬಿಚ್ಚಿ, ಒಳಗಿನ ಧೂಳನ್ನು ಬಾಯಿಂದ ಊದುವ ಮೆಕ್ಯಾನಿಕ್ಕನ್ನು ಕಂಡಾಗಲೆಲ್ಲ ನೆಲ್ಲಿ ಕರ್ಶಾ ನೆನಪಾಗುತ್ತಾಳೆ.

ಇತ್ತ ರೇಸಿನ ಜಗತ್ತಿನಲ್ಲಿ ಬೇರೊಂದು ತೊಡಕು. ಡ್ರಮ್ ಬ್ರೇಕು ಮುಚ್ಚಿದ ಪಾತ್ರೆ ಇದ್ದಂತೆ, ಶಾಖ ಒಳಗೇ ಉಳಿಯುತ್ತದೆ. ಬಿಸಿಯಾದ ಡ್ರಮ್ ಹಿಗ್ಗಿ ಒಳಗಿನ ಶೂಗಳಿಂದ ದೂರ ಸರಿಯುತ್ತದೆ. ಚಾಲಕ ಎಷ್ಟು ತುಳಿದರೂ ಹಿಡಿತ ಕಮ್ಮಿ. 1953ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸಿಗೆ ಜಾಗ್ವಾರ್ ತಂಡ ಡನ್‌ಲಪ್ ಕಂಪನಿಯ ಡಿಸ್ಕ್ ಬ್ರೇಕ್ ಹಾಕಿದ ಸಿ-ಟೈಪ್ ಕಾರುಗಳನ್ನು ತಂದಿತು. ಆರು ಕಿಲೋಮೀಟರಿನಷ್ಟು ನೇರ ರಸ್ತೆ ಮುಗಿದು ತಿರುವು ಬರುವಾಗ ಬೇರೆಯವರು ಮೊದಲೇ ಬ್ರೇಕ್ ತುಳಿಯಬೇಕಿತ್ತು. ಜಾಗ್ವಾರಿನವರು ಇನ್ನೂ ಮುಂದೆ ಹೋಗಿ ತುಳಿಯಬಹುದಿತ್ತು, ಅದೂ ಇಡೀ ರಾತ್ರಿ. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗಂಟೆಗೆ ಸುಮಾರು 170 ಕಿ.ಮೀ. ಸರಾಸರಿಯಲ್ಲಿ ಗೆದ್ದರು. ಎರಡೇ ವರ್ಷಕ್ಕೆ, 1955ರಲ್ಲಿ, ಸಿಟ್ರೊಯೆನ್ ಡಿಎಸ್ ಎಂಬ ಮನೆಮಂದಿಯ ಕಾರಿನ ಮುಂಭಾಗದಲ್ಲೂ ಡಿಸ್ಕ್ ಬಂತು.

ಡಿಸ್ಕಿಗೆ ಗಾಳಿ ಸಿಕ್ಕಿತು ನಿಜ, ಆದರೆ ಪ್ಯಾಡ್ ಚಿಕ್ಕದಾಯಿತು. ಹಾಗಾಗಿ ಅದರ ಮೇಲಿನ ಶಾಖ ಹೆಚ್ಚಿತು. ಪ್ಯಾಡಿನ ಕಣಗಳನ್ನು ಹಿಡಿದಿಡುವ ಅಂಟು ಮಿತಿಮೀರಿ ಕಾದರೆ ಅನಿಲ ಬಿಡುತ್ತದೆ, ಹಿಡಿತ ಜಾರುತ್ತದೆ. ಘಾಟಿ ಇಳಿದು ಬಂದ ಲಾರಿಯ ಪಕ್ಕ ನಿಂತವರಿಗೆ ಆ ಸುಟ್ಟ ವಾಸನೆ ಗೊತ್ತು. ಕಲ್ನಾರು ಹೋದ ಮೇಲೆ ಉಕ್ಕಿನ ನಾರು, ಅರಾಮಿಡ್, ಸೆರಾಮಿಕ್, ತಾಮ್ರ ಬಂದವು. ಪ್ರತಿಯೊಂದಕ್ಕೂ ತನ್ನದೇ ಶಾಖದ ಹದವಿದೆ, ತನ್ನದೇ ಬೆಲೆಯೂ ಇದೆ. ತಾಮ್ರದ ಧೂಳು ಮಳೆನೀರಿನಲ್ಲಿ ಹೊಳೆ ಸೇರಿ ಮೀನಿಗೆ ವಿಷವಾಗುತ್ತದೆಂದು ಕ್ಯಾಲಿಫೋರ್ನಿಯಾ 2010ರಲ್ಲಿ ಅದನ್ನೂ ಹಂತಹಂತವಾಗಿ ಇಳಿಸುವ ಕಾನೂನು ಮಾಡಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಟ್ರ್ಯಾಕಿನ ಪ್ಯಾಡ್ ಕಾದ ಮೇಲೆ ಹಿಡಿಯಲೆಂದೇ ಮಾಡಿದ್ದು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಹೊಡೆಯುವಾಗ ಅದು ನಂಬಿಕಸ್ಥ. ಅದೇ ಪ್ಯಾಡು ದೆಹಲಿಯ ಜನವರಿ ಬೆಳಗಿನಲ್ಲಿ, ಮೊದಲ ಸಿಗ್ನಲ್ಲಿಗೆ ಇನ್ನೂ ತಣ್ಣಗಿರುತ್ತದೆ. ಮಗುವೊಂದು ಅಡ್ಡ ಬಂದರೆ ಬೇಕಾದ ಹಿಡಿತ ಆಗ ಇರುವುದಿಲ್ಲ. ಜೊತೆಗೆ ಕಿರುಚುತ್ತದೆ, ಡಿಸ್ಕನ್ನೂ ತಿನ್ನುತ್ತದೆ. ಬೀದಿಯ ಪ್ಯಾಡು ಮೊದಲ ತುಳಿತಕ್ಕೇ ಹಿಡಿಯುತ್ತದೆ, ಆದರೆ ಟ್ರ್ಯಾಕಿನಲ್ಲಿ ಕೆಲವು ಸುತ್ತಿಗೇ ಸೋಲುತ್ತದೆ. ನಡುವಿನ ಪ್ಯಾಡುಗಳೂ ಸಿಗುತ್ತವೆ. ಅವು ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಟ್ಟುಕೊಡುತ್ತವೆ. ಸಿಂಹಗಡ, ಖಂಡಾಲ, ಶಿರಾಡಿ ಘಾಟಿಗಳಲ್ಲಿ ಹುರುಪಿನಿಂದ ಓಡಿಸುವವರಿಗೆ ಅವು ಸರಿ. ನಿಜವಾಗಿ ಟ್ರ್ಯಾಕಿಗೆ ಇಳಿಯುವವರಿಗೆ ಹಳೇ ದಾರಿಯೇ ಲೇಸು: ಎರಡು ಜೊತೆ ಪ್ಯಾಡು ಇಟ್ಟುಕೊಂಡು, ಅಲ್ಲಿ ಹೋಗಿ ಬದಲಿಸುವುದು, ಹೊಸದನ್ನು ಕಂಪನಿ ಹೇಳಿದ ಕ್ರಮದಲ್ಲಿ ಹದಕ್ಕೆ ತರುವುದು.

ಅನೇಕ ಪ್ಯಾಡುಗಳ ಅಂಚಿನಲ್ಲಿ 'ಎಫ್‌ಎಫ್', 'ಜಿಜಿ' ಎಂಬ ಎರಡಕ್ಷರ ಇರುತ್ತದೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಹಿಡಿತ, ಎರಡನೆಯದು ಹೆಚ್ಚು ಬಿಸಿಯಲ್ಲಿನದು. ಎಫ್‌ಗಿಂತ ಜಿ ಹೆಚ್ಚು ಹಿಡಿಯುತ್ತದೆ. ಆದರೆ ಆ ಪರೀಕ್ಷೆ ಸುಮಾರು 340 ಡಿಗ್ರಿ ಸೆಲ್ಸಿಯಸ್‌ಗೆ ಮುಗಿಯುತ್ತದೆ, ಟ್ರ್ಯಾಕಿನ ಶಾಖ ಅದನ್ನು ದಾಟುತ್ತದೆ. ಬ್ರೇಕ್ ಆಯಿಲನ್ನೂ ಮರೆಯುವಂತಿಲ್ಲ. ಡಾಟ್ 4 ಆಯಿಲಿನ ಕನಿಷ್ಠ ಕುದಿಬಿಂದು ಹೊಸದರಲ್ಲಿ 230 ಡಿಗ್ರಿ, ನೀರಿನಂಶ ಹೀರಿದ ಮೇಲೆ 155. ಅದು ಕುದಿದರೆ ಎಂಥ ದುಬಾರಿ ಪ್ಯಾಡಿದ್ದರೂ ಪೆಡಲು ನೆಲ ಮುಟ್ಟುತ್ತದೆ.

ಹಾಗಾಗಿ ಅಂಗಡಿಯಲ್ಲಿ 'ಒಳ್ಳೇದು ಯಾವುದು' ಎಂದು ಕೇಳಬೇಡಿ. 'ಇದು ಎಷ್ಟು ಬಿಸಿಯಿಂದ ಎಷ್ಟು ಬಿಸಿಯವರೆಗೆ ಹಿಡಿಯುತ್ತದೆ' ಎಂದು ಕೇಳಿ. ಬರ್ತಾ ಅವರಿಗೆ ಆ ಇಳಿಜಾರಿನಲ್ಲಿ ಚರ್ಮವೇ ಸಾಕಾಗಿತ್ತು. ನಿಮ್ಮ ಇಳಿಜಾರು ಯಾವುದೆಂದು ನಿಮಗೇ ಗೊತ್ತಿರಬೇಕು.