ಎರಡೇ ಹೆಸರು

2017ರ ಜುಲೈ ತಿಂಗಳ ಒಂದು ಸಂಜೆ. ರಾಜಾಜಿನಗರದಲ್ಲಿ ನಾವು ಸೇರೋ ದರ್ಶಿನಿ ಮುಂದೆ ನಾಲ್ಕು ಜನ ಎರಡು ಕಾಫಿನ ಬೈಟು ಮಾಡಿಕೊಂಡು ನಿಂತಿದ್ವಿ. ಕೆಂಗೇರಿಯ ಗೆಳೆಯ ಬಿಲ್ ಚೀಟಿ ತಿರುಗಿಸಿ, ಅದರ ಹಿಂದೆ ಎರಡು ಗೆರೆ ಎಳೆದು, "ಎರಡೇ ಹೆಸರು. ಬರೀರಿ ನೋಡೋಣ" ಅಂದ.

ಮೊದಲ ಗೆರೆ ಮೇಲೆ ಯಾರೂ ತಕರಾರು ಮಾಡಲಿಲ್ಲ. ಸುನಿಲ್ ಛೇತ್ರಿ. ಎರಡನೇ ಗೆರೆಗೆ ಬಂದಾಗ ಶುರುವಾಯ್ತು ನೋಡಿ ಜಗಳ. ಕಾಫಿ ಮುಗೀತು, ಇನ್ನೊಂದು ಸುತ್ತು ಬಂತು, ಅಂಗಡಿಯವನು ನೆಲ ಒರೆಸೋಕೆ ಶುರು ಮಾಡಿದ. ಜಗಳ ಮಾತ್ರ ಮುಗೀಲಿಲ್ಲ.

ಗೊತ್ತಿಲ್ಲದವರಿಗೆ ಹಿನ್ನೆಲೆ ಹೇಳಿಬಿಡ್ತೀನಿ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಆಡಿದ ಮೊದಲ ವರ್ಷವೇ, 2014ರ ಏಪ್ರಿಲ್‌ನಲ್ಲಿ, ಐ-ಲೀಗ್ ಗೆದ್ದುಬಿಡ್ತು. 2016ರಲ್ಲಿ ಮತ್ತೆ ಗೆದ್ದಿತು. ಅದೇ ವರ್ಷ ಎಎಫ್‌ಸಿ ಕಪ್ ಫೈನಲ್‌ವರೆಗೂ ಹೋಗಿ, ದೋಹಾದಲ್ಲಿ ಇರಾಕಿನ ತಂಡದ ಎದುರು ಒಂದೇ ಗೋಲಿನಿಂದ ಸೋತಿತು. 2017ರಲ್ಲಿ ಕ್ಲಬ್ ಐ-ಲೀಗ್ ಬಿಟ್ಟು ಐಎಸ್‌ಎಲ್ ಸೇರಿತು. ಆ ವರ್ಷ ಅಲ್ಲಿ ನಿಯಮ ಬೇರೆ ಇತ್ತು. ಹಿರಿಯ ಭಾರತೀಯ ಆಟಗಾರರಲ್ಲಿ ಉಳಿಸಿಕೊಳ್ಳಬಹುದಾಗಿದ್ದದ್ದು ಇಬ್ಬರನ್ನು ಮಾತ್ರ. ಉಳಿದವರು ಡ್ರಾಫ್ಟ್ ಅನ್ನೋ ರಾಶಿಗೆ ಹೋಗಬೇಕಿತ್ತು, ಹತ್ತು ಕ್ಲಬ್ಬುಗಳು ಸರದಿ ಪ್ರಕಾರ ಆರಿಸಿಕೊಳ್ಳಬೇಕಿತ್ತು. ನಾಲ್ಕು ವರ್ಷ ಕಟ್ಟಿದ ಮನೇನ ಒಂದು ದಿನದಲ್ಲಿ ಬಿಚ್ಚಿ ಹಾಕಿದ ಹಾಗೆ.

ಎರಡನೇ ಗೆರೆ ಮೇಲೆ ಬರೆಯಬಹುದಾದ ಹೆಸರುಗಳು ಮುಖ್ಯವಾಗಿ ಎರಡು. ಒಬ್ಬ ಯೂಜೀನ್ಸನ್ ಲಿಂಗ್ಡೋ, ಶಿಲ್ಲಾಂಗ್‌ನವನು, 2015ರಲ್ಲಿ ದೇಶದ ವರ್ಷದ ಆಟಗಾರ ಅನ್ನಿಸಿಕೊಂಡವನು. ಇನ್ನೊಬ್ಬ ಉದಾಂತ ಸಿಂಗ್, ಮಣಿಪುರದ ಹುಡುಗ, ಆಗಷ್ಟೇ 21 ತುಂಬಿತ್ತು. ಬಲಗಡೆ ಗೆರೆ ಹಿಡಿದು ಓಡಿದರೆ ಕಂಠೀರವದ ಪಶ್ಚಿಮ ಸ್ಟ್ಯಾಂಡಿನ ಜನ ಎದ್ದು ನಿಲ್ತಿದ್ರು.

"ಲಿಂಗ್ಡೋ ಇಲ್ದೆ ಮಧ್ಯದಲ್ಲಿ ಆಟ ಕಟ್ಟೋರ್ಯಾರು ಮಗಾ?" ಅಂತ ವಿಜಯನಗರದವನು. "ವಯಸ್ಸು ನೋಡೋ. ಉದಾಂತ ಇನ್ನೂ ಹತ್ತು ವರ್ಷ ಆಡ್ತಾನೆ" ಅಂತ ಕೆಂಗೇರಿಯವನು. ಬಸವೇಶ್ವರನಗರದ ಮೇಷ್ಟ್ರು, ನಮ್ಮಲ್ಲಿ ಹಿರಿಯರು, ವಿನೀತ್ ವಿಷಯಕ್ಕೆ ಕೊರಗ್ತಿದ್ರು. ಎರಡು ತಿಂಗಳ ಹಿಂದೆ, ಮೇ 21ರಂದು, ಕಟಕ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಫೆಡರೇಷನ್ ಕಪ್ ಫೈನಲ್. ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಹೊಡೆದ ಎರಡು ಗೋಲಿಂದಲೇ ಕಪ್ ಬಂದಿತ್ತು. ಆ ವಿನೀತ್ ಈಗ ಕೇರಳ ಬ್ಲಾಸ್ಟರ್ಸ್ ಪಾಲು. "ಕಪ್ ತಂದುಕೊಟ್ಟೋನನ್ನೇ ಕಳಿಸಿಕೊಟ್ವಲ್ಲಪ್ಪ" ಅಂತ ಅವರದು ಒಂದೇ ಹಾಡು.

ಅಷ್ಟರಲ್ಲಿ ಹಾಲಿನ ಕವರ್ ಹಿಡಿದು ನನ್ನ ಸೋದರಮಾವ ಆ ಕಡೆ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು. ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡು ಹೇಳಿದರು: "ಉಳಿಸ್ಕೊಳೋ ಮಾತಾಡ್ತಿದೀರಲ್ರೋ ನೀವು. ನಮ್ಮ ಊರಿಗೆ ಆ ಪದಾನೇ ಗೊತ್ತಿರ್ಲಿಲ್ಲ."

ಆ ಮಾತಿನ ಅರ್ಥ ನನಗೆ ಆಗ ಪೂರ್ತಿ ತಿಳೀಲಿಲ್ಲ. ಆಮೇಲೆ ಹಳೇ ಬೆಂಗಳೂರು ಫುಟ್‌ಬಾಲಿನ ಬಗ್ಗೆ ಒಂದೊಂದೇ ಓದಿಕೊಂಡು, ಅವರನ್ನೂ ಕೇಳ್ತಾ ಹೋದ ಮೇಲೆ ತಿಳೀತು.

ನಮ್ಮ ಪಶ್ಚಿಮದ ಬಡಾವಣೆಗಳಿಗೂ ಫುಟ್‌ಬಾಲಿಗೂ ನೆಂಟಸ್ತಿಕೆ ಇತ್ತೀಚಿನದು. ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದಿದ್ದೇ 1949ರಲ್ಲಿ. ನಾವೆಲ್ಲ ಬೆಳೆದಿದ್ದು ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ. ಫುಟ್‌ಬಾಲ್ ಅಂದ್ರೆ ಆ ಕಡೆಯ ದಂಡು ಪ್ರದೇಶದ ಆಟ: ಹಲಸೂರು, ಗೌತಮಪುರ, ಆಸ್ಟಿನ್ ಟೌನ್. ಬ್ರಿಟಿಷ್ ಪಡೆಗಳು ಆಡ್ತಿದ್ದನ್ನ ನೋಡಿ ಅಲ್ಲಿನ ಹುಡುಗರು ಕಲಿತರು, ಕಲಿತು ಅವರನ್ನೇ ಸೋಲಿಸಿದರು. ಮುಂಬಯಿಯ ರೋವರ್ಸ್ ಕಪ್ ದಶಕಗಳ ಕಾಲ ಬ್ರಿಟಿಷ್ ಸೇನಾ ತಂಡಗಳ ಕೈಯಲ್ಲೇ ಇತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಯಾವುದು ಗೊತ್ತಾ? ಕಲ್ಕತ್ತೆಯದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಮತ್ತೆ ಅವರೇ.

1946-47ರಲ್ಲಿ ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು 2-1ರಲ್ಲಿ ಸೋತಿತಲ್ಲ, ಬಹಳಷ್ಟು ಆಟಗಾರರು ಬರಿಗಾಲಲ್ಲಿ ಆಡಿದ ಪಂದ್ಯ, ಅದರಲ್ಲಿ ನಮ್ಮ ಕಡೆಯ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು.

ಈ ಅಹ್ಮದ್ ಖಾನ್ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಜನ ಇವರನ್ನೂ ಸೇರಿಸಿ ಐವರು ಮುಂಚೂಣಿ ಆಟಗಾರರಿಗೆ ಪಂಚಪಾಂಡವರು ಅಂತ ಹೆಸರಿಟ್ಟರು. ಇತ್ತ ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದ ವರ್ಷವೇ ಅತ್ತ ಬೆಂಗಳೂರಿನ ಆ ಕಾಲದ ದೊಡ್ಡ ಆಟಗಾರ ಊರು ಬಿಟ್ಟರು. ಅವರೊಬ್ಬರೇ ಅಲ್ಲ. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದ ಕೆಂಪಯ್ಯ, 1962ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ಅರುಮೈನಾಯಗಂ, ಇಬ್ಬರೂ ಹೆಸರು ಮಾಡಿದ್ದು ಮೋಹನ್ ಬಾಗಾನ್ ಅಂಗಿಯಲ್ಲಿ.

ಕಲ್ಕತ್ತೆಯಲ್ಲಿ ಪ್ರತಿ ವರ್ಷ ಲೀಗ್ ಶುರುವಾಗೋ ಮುಂಚೆ ಆಟಗಾರರು ಕ್ಲಬ್ ಬದಲಿಸೋ ಹೊತ್ತಿಗೆ 'ದಲ್ ಬದಲ್' ಅಂತ ಹೆಸರೇ ಇತ್ತು. ಎದುರಾಳಿ ಕ್ಲಬ್ಬಿನವರ ಕೈಗೆ ಸಿಗಬಾರದು ಅಂತ ಸಹಿ ಹಾಕೋ ದಿನದವರೆಗೂ ಆಟಗಾರನನ್ನ ಯಾರದೋ ಮನೇಲಿ ಬಚ್ಚಿಟ್ಟ ಕತೆಗಳು ಬೇಕಾದಷ್ಟಿವೆ. ನಾವು ದರ್ಶಿನಿ ಮುಂದೆ ಮಾಡ್ತಿದ್ದ ಜಗಳ ಅಲ್ಲಿ ಮೂರು ತಲೆಮಾರಿನಿಂದ ಟೀ ಅಂಗಡಿ ಮುಂದೆ ನಡೀತಿತ್ತು. ವ್ಯತ್ಯಾಸ ಇಷ್ಟೇ: ಅವರು ಜಗಳ ಆಡ್ತಿದ್ದದ್ದು ನಮ್ಮ ಹುಡುಗರಿಗಾಗಿ. ನಾವು ಬೆಳೆಸಿ ಕಳಿಸ್ತಿದ್ವಿ.

ಊರು ಯಾಕೆ ಉಳಿಸಿಕೊಳ್ಳಲಿಲ್ಲ? ಕೊಡೋಕೆ ಏನೂ ಇರಲಿಲ್ಲ, ಅದಕ್ಕೆ. ಕಲ್ಕತ್ತೆಯಲ್ಲಿ ದುಡ್ಡಿತ್ತು, ಹೆಸರಿತ್ತು, ಮೈದಾನ ತುಂಬೋ ಜನ ಇದ್ದರು. ಬೆಂಗಳೂರಿಗೆ ಕೊಡೋಕೆ ಏನಾದರೂ ಸಿಕ್ಕಿದ್ದು ಸರ್ಕಾರಿ ಕಾರ್ಖಾನೆಗಳು ಬೆಳೆದ ಮೇಲೆ. ಎಚ್‌ಎಎಲ್, ಐಟಿಐನಂಥ ಕಡೆ ಆಟಗಾರನಿಗೆ ನೌಕರಿ ಸಿಗ್ತಿತ್ತು. ಮಂಡಿ ಹೋದರೂ ಸಂಬಳ ಹೋಗಲ್ಲ, ಕ್ವಾರ್ಟರ್ಸ್ ಇದೆ. ಅದರ ಫಲ ಸುಳ್ಳಲ್ಲ. 1967-68, 1968-69, ಸತತ ಎರಡು ವರ್ಷ ಮೈಸೂರು ರಾಜ್ಯ ಸಂತೋಷ್ ಟ್ರೋಫಿ ಗೆದ್ದಿತು. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ನಡೆದಾಗ ಫೈನಲ್‌ನಲ್ಲಿ ಮೋಹನ್ ಬಾಗಾನನ್ನು ಸೋಲಿಸಿ ಕಪ್ ಎತ್ತಿದ್ದು ನಮ್ಮ ಐಟಿಐ.

ಮಾವ ಆ ಸಂಜೆ ಇದನ್ನೆಲ್ಲ ಹೇಳಲಿಲ್ಲ. ಅವರು ಹೇಳಿದ್ದು ಬೇರೆ, ಅದುವರೆಗೂ ನಮ್ಮ ಮನೇಲಿ ಯಾರಿಗೂ ಗೊತ್ತಿರದಿದ್ದ ವಿಷಯ.

ಎಪ್ಪತ್ತರ ದಶಕದಲ್ಲಿ ಅವರು ಒಂದು ಚಿಕ್ಕ ತಂಡಕ್ಕೆ ಲೆಫ್ಟ್ ಬ್ಯಾಕ್ ಆಡ್ತಿದ್ರಂತೆ. ರಾಜಾಜಿನಗರದಿಂದ ಅಶೋಕನಗರದ ಸ್ಟೇಡಿಯಂವರೆಗೂ ಸೈಕಲ್. ಒಂದು ವರ್ಷ ಲೀಗ್ ಶುರುವಾಗೋ ಮುಂಚೆ ಒಂದು ಕಾರ್ಖಾನೆ ತಂಡದ ಆಯ್ಕೆಗೆ ಕರೆದರು. ಮೂರು ದಿನ ಆಡಿಸಿದರು. ನಾಲ್ಕನೇ ದಿನ ಗೇಟಿನ ಹತ್ತಿರ ಟೈಪ್ ಮಾಡಿದ ಪಟ್ಟಿ ಅಂಟಿಸಿದರು. ಹದಿನೆಂಟು ಹೆಸರು.

"ಎರಡು ಸಲ ಓದ್ದೆ ಕಣ್ರೋ. ಕೆಳಗಿಂದ ಮೇಲಕ್ಕೂ ಓದ್ದೆ."

ಹೆಸರಿರಲಿಲ್ಲ. ಅಂದ್ರೆ ಬರೀ ಆಟ ಹೋಗಲಿಲ್ಲ, ಪರ್ಮನೆಂಟ್ ಕೆಲಸವೂ ಹೋಯ್ತು. ವಾಪಸ್ ಬಂದು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ವರ್ಕ್‌ಶಾಪಲ್ಲಿ ಲೇತ್ ಮುಂದೆ ನಿಂತರು. ಮೂವತ್ತು ವರ್ಷ ಅಲ್ಲೇ. ಬೂಟನ್ನ ಪಕ್ಕದ ಮನೆ ಹುಡುಗನಿಗೆ ಕೊಟ್ಟರಂತೆ. "ನೀವು ಕಾಫಿ ಕುಡೀತಾ ಒಂದು ಹೆಸರು ಹೊಡೆದು ಹಾಕ್ತೀರಿ. ತಪ್ಪಲ್ಲ, ಆಟ ಅಂದ್ಮೇಲೆ ಯಾರೋ ಹೊಡೆದು ಹಾಕ್ಲೇಬೇಕು. ಆದ್ರೆ ಆ ಹುಡುಗ ಮನೇಲಿ ಹೋಗಿ ಏನಂತಾನೆ ಅಂತಾನೂ ಒಂಚೂರು ಯೋಚ್ನೆ ಮಾಡಿ" ಅಂದು, ಹಾಲು ಒಡೆದುಹೋಗುತ್ತೆ ಅಂತ ಹೊರಟುಬಿಟ್ಟರು.

ನಾವು ನಾಲ್ಕು ಜನ ಚೀಟಿ ಮಡಚಿ ಇಟ್ವಿ. ಅವತ್ತು ಎರಡನೇ ಹೆಸರು ಬರೀಲೇ ಇಲ್ಲ.

ಕ್ಲಬ್ ಬರೆಯಿತು: ಛೇತ್ರಿ, ಉದಾಂತ. ಜೊತೆಗೆ 21ರೊಳಗಿನವರ ಲೆಕ್ಕದಲ್ಲಿ ನಿಶು ಕುಮಾರ್ ಮತ್ತು ಮಲ್ಸಾವ್ಮ್‌ಜುವಾಲಾ. ಜುಲೈ 23ರಂದು ಮುಂಬಯಿಯಲ್ಲಿ ಡ್ರಾಫ್ಟ್ ನಡೀತು. ಲಿಂಗ್ಡೋಗೆ 1.10 ಕೋಟಿ ರೂಪಾಯಿ, ಅವತ್ತಿನ ಅತಿ ಹೆಚ್ಚಿನ ಬೆಲೆಗಳಲ್ಲೊಂದು. ಕೊಂಡಿದ್ದು ಎಟಿಕೆ. ಮಾವನಿಗೆ ಫೋನ್ ಮಾಡಿ ಹೇಳಿದರೆ, "ನೋಡ್ದಾ? ಮತ್ತೆ ಕಲ್ಕತ್ತಾ!" ಅಂತ ನಕ್ಕರು. ರಿನೊ ಆಂಟೊ ಕೇರಳಕ್ಕೆ ಹೋದ. ವಿಜಯನಗರದವನು ಒಂದು ವಾರ ಯಾರ ಹತ್ತಿರಾನೂ ಸರಿಯಾಗಿ ಮಾತಾಡಲಿಲ್ಲ.

ಬದಲಿಗೆ ಬಂದವರು ಲೆನ್ನಿ ರಾಡ್ರಿಗಸ್, ಹರ್ಮನ್‌ಜೋತ್ ಖಾಬ್ರಾ, ಸುಭಾಶಿಷ್ ಬೋಸ್. ಆ ಪಟ್ಟಿಯಲ್ಲಿ ರಾಹುಲ್ ಭೇಕೆ ಅಂತ ಇನ್ನೊಂದು ಹೆಸರೂ ಇತ್ತು. ಮುಂಬಯಿ ಹುಡುಗ, ಡಿಫೆಂಡರ್, ಅದಕ್ಕೆ ಮುಂಚೆ ಈಸ್ಟ್ ಬೆಂಗಾಲ್‌ನಲ್ಲಿದ್ದವನು. ಸುಳ್ಳು ಯಾಕೆ ಹೇಳಲಿ, ನಮ್ಮಲ್ಲಿ ಒಬ್ಬರೂ ಅವನ ಬಗ್ಗೆ ಎರಡು ಮಾತಾಡಲಿಲ್ಲ. ಹೋದವರ ಲೆಕ್ಕ ಹಾಕೋದರಲ್ಲೇ ಬಂದವರನ್ನ ನೋಡಲಿಲ್ಲ.

ಆ ಹೊತ್ತಿಗೆ ನಮಗೆ ಸ್ಟೇಡಿಯಂ ಹತ್ತಿರ ಆಗಿತ್ತು. 2016ರ ಏಪ್ರಿಲ್ ಕೊನೆಯಲ್ಲಿ ನೇರಳೆ ಮಾರ್ಗ ಪೂರ್ತಿ ಜೋಡಣೆಯಾಗಿ, ವಿಜಯನಗರದಲ್ಲಿ ಹತ್ತಿ ಕಬ್ಬನ್ ಪಾರ್ಕಲ್ಲಿ ಇಳಿದು ನಡೆದರೆ ಕಂಠೀರವ. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಮೆಜೆಸ್ಟಿಕ್ ಮುಟ್ಟಿದ ಮೇಲೆ ರಾಜಾಜಿನಗರಕ್ಕೂ ಅದೇ ಅನುಕೂಲ. ಕೆಂಗೇರಿಯವನು ಮಾತ್ರ 2021ರವರೆಗೂ ಮೈಸೂರು ರಸ್ತೆ ನಿಲ್ದಾಣದಿಂದ ಬಸ್ಸಿಗೆ ಕಾಯ್ತಿದ್ದ. ದಂಡಿನ ಆಟ ನಮ್ಮ ಆಟ ಆಗಿದ್ದರಲ್ಲಿ ಈ ರೈಲಿನ ಪಾಲೂ ಇದೆ ಅಂತ ನನ್ನ ನಂಬಿಕೆ.

ಮೊದಲ ಐಎಸ್‌ಎಲ್‌ನಲ್ಲಿ 18 ಪಂದ್ಯಕ್ಕೆ 40 ಅಂಕ ತಗೊಂಡು ಮೊದಲ ಸ್ಥಾನ. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ಫೈನಲ್. ಚೆನ್ನೈಯಿನ್ ಎದುರು 3-2ರಲ್ಲಿ ಸೋಲು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಗೋವಾ ವಿರುದ್ಧ ಇನ್ನೊಂದು ಫೈನಲ್. ಮಾವನ ಮನೇಲಿ ಟಿವಿ ಮುಂದೆ ಎಲ್ಲರೂ ಕೂತಿದ್ವಿ. ಗೋಲಿಲ್ಲದೆ 90 ನಿಮಿಷ ಮುಗಿದು ಹೆಚ್ಚುವರಿ ಸಮಯವೂ ಮುಗೀತಾ ಬಂದಿತ್ತು. 117ನೇ ನಿಮಿಷ, ಕಾರ್ನರ್, ಒಂದು ಹೆಡರ್, ಗೋಲು. ಹೊಡೆದವನು ರಾಹುಲ್ ಭೇಕೆ.

ಕೂಗಾಟ ಎಲ್ಲ ಇಳಿದ ಮೇಲೆ ಮಾವ ಕೇಳಿದರು: "ಈ ಹುಡುಗನ ಹೆಸರು ನಿಮ್ಮ ಚೀಟೀಲಿತ್ತಾ?"

ಇರಲಿಲ್ಲ. ಎಲ್ಲಿಂದ ಇರುತ್ತೆ? 1949ರಲ್ಲಿ ನಾವು ಈಸ್ಟ್ ಬೆಂಗಾಲ್‌ಗೆ ಒಬ್ಬನನ್ನ ಕೊಟ್ವಿ, ಎಷ್ಟೋ ವರ್ಷದ ಮೇಲೆ ಅದೇ ಕ್ಲಬ್ಬಿನಲ್ಲಿದ್ದ ಒಬ್ಬ ಬಂದು ಈ ಊರಿಗೆ ಕಪ್ ಕೊಟ್ಟ. ಅವತ್ತು ಕಲ್ಕತ್ತೆಯಲ್ಲಿ ಯಾರೋ ನಾಲ್ಕು ಜನ, "ಇವನನ್ನ ಯಾಕಪ್ಪ ಬಿಟ್ವಿ" ಅಂತ ಟೀ ಅಂಗಡಿ ಮುಂದೆ ಜಗಳ ಆಡಿರ್ತಾರೆ. ಒಂದು ಊರಿನ ಲಾಭ ಅಂದ್ರೆ ಇನ್ನೊಂದು ಊರಿನ ಕೊರಗು.

ಮುಂದಿನದೂ ಹೇಳಿಬಿಡಬೇಕು. ದುಬಾರಿ ಬೆಲೆಯ ಲಿಂಗ್ಡೋ ಮಂಡಿ ಪೆಟ್ಟಿನಿಂದ ಆ ಸೀಸನ್ನೇ ಕಳಕೊಂಡ, 2019ರಲ್ಲಿ ಬೆಂಗಳೂರಿಗೇ ವಾಪಸ್ ಬಂದ. ಯಾರಿಗಾಗಿ ಅವನನ್ನ ಬಿಟ್ವೋ ಆ ಉದಾಂತ 2023ರಲ್ಲಿ ಗೋವಾ ಸೇರಿದ. ಭೇಕೆ 2021ರಲ್ಲಿ ಮುಂಬೈ ಸಿಟಿಗೆ ಹೋಗಿ, ಅಲ್ಲಿ ನಾಯಕನಾಗಿ ಕಪ್ ಗೆದ್ದು, 2024ರಲ್ಲಿ ಮತ್ತೆ ಇಲ್ಲಿಗೆ ಬಂದ. ಛೇತ್ರಿ ಒಬ್ಬ ಮಾತ್ರ ಉಳಿದ. ದರ್ಶಿನಿ ಮುಂದೆ ನಾವು ಎಷ್ಟು ಖಚಿತವಾಗಿ ಮಾತಾಡಿದ್ವೋ ಅಷ್ಟೇ ಖಚಿತವಾಗಿ ಎಲ್ಲರೂ ತಪ್ಪಾಗಿದ್ವಿ.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಾಗ ನಮ್ಮ ಜಗಳದ ವಿಷಯ ಬದಲಾಯ್ತು. "ಈ ಹುಡುಗರಲ್ಲಿ ಎಷ್ಟು ಜನಕ್ಕೆ ನಮ್ಮ ಕ್ಲಬ್ಬಲ್ಲಿ ಜಾಗ ಸಿಗುತ್ತೆ?" ಅಂತ ಮೇಷ್ಟ್ರು. "ಊರಿನವನು ಅಂತ ತಗೋಬೇಕಾ, ಆಡ್ತಾನೆ ಅಂತ ತಗೋಬೇಕಾ?" ಅಂತ ವಿಜಯನಗರದವನು. ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ಆಟಗಾರನನ್ನ ಉಳಿಸೋದು ಅಭಿಮಾನ ಅಲ್ಲ. ಕಲ್ಕತ್ತೆ ಹೆಸರು ಕೊಡ್ತು, ಕಾರ್ಖಾನೆ ಅನ್ನ ಕೊಡ್ತು, ಕ್ಲಬ್ ಎರಡು-ಮೂರು ವರ್ಷದ ಕರಾರು ಕೊಡುತ್ತೆ. ಆಡೋ ಹುಡುಗನಿಗೆ ಈ ಊರು ಏನು ಕೊಡುತ್ತೆ, ಎಷ್ಟು ದಿನಕ್ಕೆ ಕೊಡುತ್ತೆ? ಪ್ರತಿ ಸೀಸನ್ನಿನ ಮುಂಚೆ ನಾವು ಆಡೋ ಜಗಳದ ತಳದಲ್ಲಿರೋದು ಈ ಒಂದು ಪ್ರಶ್ನೆ.

ಈಗಲೂ ಸೀಸನ್ ಹತ್ತಿರ ಬಂದಾಗ ಸೇರ್ತೀವಿ, ಚೀಟಿ ತಿರುಗಿಸಿ ಹೆಸರು ಬರೀತೀವಿ, ಬಾಯಿಗೆ ಬಂದ ಹಾಗೆ ಬೈದಾಡ್ತೀವಿ. ಒಂದು ಮಾತ್ರ ಬದಲಾಗಿದೆ. ಯಾರ ಹೆಸರನ್ನಾದರೂ ಹೊಡೆದು ಹಾಕಿದರೆ, ಅವನು ಇನ್ನು ಯಾವ ಕ್ಲಬ್ಬಿಗೆ ಹೋಗಬಹುದು ಅಂತ ಪಕ್ಕದಲ್ಲಿ ಬರೆಯಲೇಬೇಕು. ಜಾಗ ಸಿಗದೇ ಹೋದರೆ ಆ ಹೆಸರಿನ ಮೇಲೆ ಗೆರೆ ಎಳೆಯೋದು ಯಾಕೋ ಕಷ್ಟ ಆಗುತ್ತೆ.