ಜಾರುಬಂಡೆಯ ಕೆಳಗಿನ ಸಾವಿರ

ಮಕ್ಕಳ ಆಟದ ಮೈದಾನದ ನೆಲ ಪರೀಕ್ಷಿಸುವವರು ಮುಕ್ಕಾಲಿಯೊಂದನ್ನು ನಿಲ್ಲಿಸಿ, ಮಗುವಿನ ತಲೆಯ ಬದಲಿಗೆ 4.6 ಕಿಲೋ ತೂಕದ ಲೋಹದ ಅರ್ಧಗೋಲವನ್ನು ಬೀಳಿಸುತ್ತಾರೆ. ನೆಲಕ್ಕೆ ಬಡಿದಾಗ ಅದರ ವೇಗ ಎಷ್ಟು ಥಟ್ಟನೆ ತಗ್ಗಿತೆಂದು ಒಳಗಿನ ಸೆನ್ಸರ್ ಅಳೆಯುತ್ತದೆ. ಲೆಕ್ಕ ಹಾಕಿದಾಗ ಎಚ್‌ಐಸಿ ಎಂಬ ತಲೆಗಾಯದ ಸೂಚ್ಯಂಕ ಸಾವಿರ ದಾಟಿದರೆ ನೆಲ ಫೇಲು. ಈ ಸಾವಿರಕ್ಕೂ ಮಕ್ಕಳಿಗೂ ಮೊದಲಿಗೆ ಸಂಬಂಧವೇ ಇರಲಿಲ್ಲ. ಅದರ ತವರು ಕಾರುಗಳ ಊರು ಡೆಟ್ರಾಯಿಟ್. ಅಲ್ಲಿನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನರಶಸ್ತ್ರಚಿಕಿತ್ಸಕ ಗುರ್ಜಿಯನ್, ಎಂಜಿನಿಯರ್ ಲಿಸ್ನರ್ ಮತ್ತವರ ಜೊತೆಗಾರರು ವಯಸ್ಕರ ಶವಗಳ ಹಣೆಗೆ ಪೆಟ್ಟು ಬೀಳುವಂತೆ ಮಾಡಿ, ಬುರುಡೆ ಯಾವಾಗ ಸೀಳುತ್ತದೆಂದು ನೋಡಿದರು. ಪೆಟ್ಟು ಜೋರಾಗಿದ್ದರೂ ಕ್ಷಣಿಕವಾಗಿದ್ದರೆ ತಲೆ ತಾಳಿಕೊಳ್ಳುತ್ತದೆ, ಹೊತ್ತು ಹೆಚ್ಚಿದಷ್ಟೂ ತಾಳುವ ಶಕ್ತಿ ಇಳಿಯುತ್ತದೆ ಎಂಬ ರೇಖೆ ಅದರಿಂದ ಮೂಡಿತು. 1966ರಲ್ಲಿ ಜನರಲ್ ಮೋಟರ್ಸ್‌ನ ಚಾರ್ಲ್ಸ್ ಗ್ಯಾಡ್ ಅದನ್ನು ಸೂತ್ರವಾಗಿಸಿ ಸಾವಿರದ ಗೆರೆ ಎಳೆದರು. 1971ರಲ್ಲಿ ವರ್ಸೇಸ್ ಎಂಬವರು ಸೂಚಿಸಿದ ತಿದ್ದುಪಡಿಯೇ ಎಚ್‌ಐಸಿಗೆ ದಾರಿಯಾಯಿತು.

ಕ್ರೀಡಾಂಗಣದ ಕಥೆ ಬೇರೆ ದಾರಿಯಲ್ಲಿ ಸಾಗಿತ್ತು. 1966ರಲ್ಲಿ ಹ್ಯೂಸ್ಟನ್ನಿನ ಆಸ್ಟ್ರೋಡೋಮ್‌ಗೆ ಕೃತಕ ಹುಲ್ಲು ಬಂದ ಮೇಲೆ, ಅದರ ಗಡಸುತನ ಅಳೆಯಲು ಚಪ್ಪಟೆ ತಳದ ಸುಮಾರು 9 ಕಿಲೋ ಉರುಳೆ ಬಳಕೆಗೆ ಬಂತು. ಅಲ್ಲಿ ನೋಡುತ್ತಿದ್ದದ್ದು ಗರಿಷ್ಠ ಆಘಾತವನ್ನು ಮಾತ್ರ, ಗುರುತ್ವದ 200 ಪಟ್ಟು ಮೀರಬಾರದು ಎಂದು. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1981ರ ಕೈಪಿಡಿಯಲ್ಲಿ ಮಕ್ಕಳ ಮೈದಾನಕ್ಕೂ ಇದೇ ಮಿತಿಯನ್ನು ಹೇಳಿತು. ಅಮೆರಿಕದ ಮಾನದಂಡ ಸಂಸ್ಥೆ ಎಎಸ್‌ಟಿಎಂನ 1991ರ ಮಾನದಂಡ 200ನ್ನೂ ಸಾವಿರವನ್ನೂ ಜೊತೆಗೂಡಿಸಿತು. ಯುರೋಪಿನ ಮಾನದಂಡ ಇಎನ್ 1177 ಬಂದದ್ದು 1997ರಲ್ಲಿ.

ನನ್ನ ತಕರಾರು ಸಾವಿರದ ಬಗ್ಗೆ. ಅದನ್ನು ಹುಟ್ಟಿಸಿದ ಕಾರಿನ ಲೋಕವೇ ಅದನ್ನು ಬಿಟ್ಟು ಮುಂದೆ ಹೋಯಿತು. 2000ದಲ್ಲಿ ಅಮೆರಿಕದ ಏರ್‌ಬ್ಯಾಗ್ ನಿಯಮ ವಯಸ್ಕರಿಗೂ ಆರು ವರ್ಷದ ಮಗುವಿಗೂ 700, ಮೂರು ವರ್ಷದ ಮಗುವಿಗೆ 570, ಒಂದು ವರ್ಷದ ಕೂಸಿಗೆ 390 ಎಂದು ಮಿತಿ ಇಳಿಸಿತು. ಮೈದಾನದಲ್ಲಿ ಬೀಳುವವರು ಈ ಮಕ್ಕಳೇ; ಅಲ್ಲಿನ ಮಿತಿ ಮಾತ್ರ ವಯಸ್ಕರ ಹಳೆಯ ಸಾವಿರ. ಕಾರಿನಲ್ಲಿ ಎಚ್‌ಐಸಿ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಅವಧಿಯನ್ನೂ 36ರಿಂದ 15 ಮಿಲಿಸೆಕೆಂಡಿಗೆ ಇಳಿಸಿದ್ದರಿಂದ ಎರಡನ್ನೂ ಹೋಲಿಸುವಂತಿಲ್ಲ ಎಂದು ಆಕ್ಷೇಪಿಸಬಹುದು. ನೆಲಕ್ಕೆ ತಲೆ ಬಡಿಯುವ ಪೆಟ್ಟು ಸಾಮಾನ್ಯವಾಗಿ 15 ಮಿಲಿಸೆಕೆಂಡಿಗೆ ಮೊದಲೇ ಮುಗಿಯುತ್ತದೆ. ಯಾವ ಅವಧಿ ಹಿಡಿದರೂ ಉತ್ತರ ಹೆಚ್ಚುಕಡಿಮೆ ಒಂದೇ. ಹಾಗಾಗಿ 700ಕ್ಕೂ 1000ಕ್ಕೂ ನಡುವಿನ ಅಂತರ ಬರೀ ಕಾಗದದ್ದಲ್ಲ. ಸಾವಿರದ ಪೆಟ್ಟಿಗೆ ಸಾಧಾರಣ ವಯಸ್ಕರಲ್ಲೇ ತೀವ್ರ ತಲೆಗಾಯದ ಸಂಭವ ನೂರಕ್ಕೆ 18ರಷ್ಟು ಎಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಅಂದಾಜು. ಇದನ್ನು 'ಸುರಕ್ಷಿತ' ಎಂದು ಕರೆಯುವುದಕ್ಕೆ ಸ್ವಲ್ಪ ಧೈರ್ಯ ಬೇಕು.

ಅವಧಿಯ ಆಕ್ಷೇಪಕ್ಕಿಂತ ಗಟ್ಟಿಯಾದದ್ದು ಬ್ರಿಟನ್ನಿನ ಸಂಶೋಧಕ ಡೇವಿಡ್ ಬಾಲ್ ಅವರದ್ದು. ರಬ್ಬರ್ ನೆಲಹಾಸಿಗೆ ಸುರಿದ ಹಣಕ್ಕೆ ತಕ್ಕಷ್ಟು ಗಾಯಗಳು ತಗ್ಗಿದವೇ, ನೆಲ ಮೆತ್ತಗಿದೆಯೆಂದು ಮಕ್ಕಳು ಇನ್ನಷ್ಟು ಸಾಹಸಕ್ಕೆ ಇಳಿಯುವುದಿಲ್ಲವೇ ಎಂದು ಅವರು ಕೇಳಿದರು. ಮೈದಾನದ ಗಾಯಗಳಲ್ಲಿ ಕೈಮೂಳೆ ಮುರಿತ ಬಹಳ, ಎಚ್‌ಐಸಿಗೆ ಅದರ ಸುದ್ದಿಯೇ ಇಲ್ಲ ಎಂಬುದೂ ನಿಜ. ಆದರೆ ಮುರಿದ ಕೈ ಕೂಡಿಕೊಳ್ಳುತ್ತದೆ, ಮಿದುಳಿಗೆ ಆ ಅನುಕೂಲವಿಲ್ಲ. ಬಿಗಿ ಮಿತಿ ಎಂದರೆ ದುಬಾರಿ ರಬ್ಬರೇ ಆಗಬೇಕೆಂದೂ ಇಲ್ಲ: ಅಮೆರಿಕದ ಅದೇ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ 9 ಇಂಚು ಮರದ ಚಕ್ಕೆ 10 ಅಡಿ ಎತ್ತರದವರೆಗಿನ ಬೀಳುವಿಕೆಗೆ ಸಾಕು, ಅಷ್ಟೇ ದಪ್ಪದ ಮರಳು 4 ಅಡಿಗೆ. ಏಣಿಯ ಎರಡು ಮೆಟ್ಟಿಲು ಕಡಿಮೆ ಮಾಡುವುದಕ್ಕಂತೂ ಖರ್ಚೇ ಇಲ್ಲ.

ಸಂಖ್ಯೆ ಕದಲದಿದ್ದರೂ ಪರೀಕ್ಷೆ ನಡೆಯುವ ಜಾಗ ಕದಲಿದೆ. ಈ ಕ್ಷೇತ್ರದ ನಿಜವಾದ ಬೆಳವಣಿಗೆ ಅದು. ಲ್ಯಾಬಿನಲ್ಲಿ ಹೊಸ ತುಣುಕನ್ನು ಮೈನಸ್ 6, 23, 49 ಡಿಗ್ರಿಗಳಲ್ಲಿಟ್ಟು ಬಡಿದರೆ ವಸ್ತುವಿನ ಗುಣ ತಿಳಿಯುತ್ತದೆ, ಮೈದಾನದ್ದಲ್ಲ. ಬಿಸಿಲಿಗೆ ರಬ್ಬರ್ ಗಡಸಾಗುತ್ತದೆ, ಕೃತಕ ಹುಲ್ಲಿನ ನಡುವೆ ತುಂಬಿದ ರಬ್ಬರ್ ಹರಳು ಓಟದ ಜಾಗದಲ್ಲಿ ಚದುರುತ್ತದೆ. ವಿಶ್ವ ರಗ್ಬಿ ಸಂಸ್ಥೆ ಕೃತಕ ಮೈದಾನಗಳಿಗೆ 1.3 ಮೀಟರ್ ಎತ್ತರದಿಂದ ಬಿದ್ದರೂ ಎಚ್‌ಐಸಿ ಸಾವಿರ ದಾಟಬಾರದೆಂಬ ಮಿತಿ ಇಟ್ಟು, ಹಾಸಿದ ಅಂಗಳದಲ್ಲೇ ಮರುಪರೀಕ್ಷೆ ಕೇಳುವುದು ಇದಕ್ಕಾಗಿಯೇ. ಮಕ್ಕಳ ಮೈದಾನದಲ್ಲಿ ಮುಕ್ಕಾಲಿಯನ್ನು ಮೊದಲು ನಿಲ್ಲಿಸಬೇಕಾದದ್ದು ಉಯ್ಯಾಲೆಯ ಕೆಳಗೆ. ಕಾಲೂರಿ ಕಾಲೂರಿ ಮಕ್ಕಳು ಚಕ್ಕೆಯನ್ನೆಲ್ಲ ಬದಿಗೆ ಸರಿಸಿ, ಅಲ್ಲಿ ಬೋಗುಣಿಯಂಥ ಗುಂಡಿ ಮಾಡಿರುತ್ತಾರೆ. ತಳದಲ್ಲಿ ಗಟ್ಟಿ ಮಣ್ಣು ಕಾಣುತ್ತಿರುತ್ತದೆ. ಎರಡು ಮಾರು ಆಚೆ, ಯಾರೂ ಬೀಳದ ಕಡೆ, 9 ಇಂಚು ಚಕ್ಕೆ ಹಾಗೇ ಇರುತ್ತದೆ.