ಕಾಲರ್ ಎತ್ತಿದ ಜರ್ಮನ್: ಕಾರ್ಲ್ ಲಾಗರ್‌ಫೆಲ್ಡ್ ಕಥೆ



"ಅವನು ಕಾಲರ್ ಎತ್ಕೊಂಡು ಓಡಾಡ್ತಾನೆ" ಅಂತ ನಾವು ಹೇಳ್ತೀವಲ್ಲ, ಇವತ್ತು ನಿಜವಾಗಿಯೂ ಕಾಲರ್ ಎತ್ತಿಕೊಂಡೇ ಓಡಾಡಿದ ಒಬ್ಬ ಮನುಷ್ಯನ ಕಥೆ. ಎಷ್ಟು ಎತ್ತರದ ಕಾಲರ್ ಅಂದ್ರೆ, ಕುತ್ತಿಗೆ ಪೂರ್ತಿ ಮುಚ್ಚಿ ಗದ್ದಕ್ಕೆ ತಾಗೋ ಅಷ್ಟು. ಬಿಳಿ ಬಣ್ಣ, ಹಲಗೆಯಂಥ ಬಿಗಿ. ಮೇಲೆ ಕಪ್ಪು ಕೋಟು, ಕಪ್ಪು ಕನ್ನಡಕ, ಬೆರಳು ಕಾಣೋ ಹಾಗೆ ಕತ್ತರಿಸಿದ ಕೈಗವಸು, ಬೆರಳ ತುಂಬ ಉಂಗುರ, ಹಿಂದಕ್ಕೆ ಕಟ್ಟಿದ ಬೆಳ್ಳನೆ ಜುಟ್ಟು. ಫೋನಿನಲ್ಲಿ ಒಮ್ಮೆ ಹುಡುಕಿ ನೋಡಿ, ಈ ಮುಖ ಎಲ್ಲೋ ನೋಡಿದ್ದೀನಲ್ಲ ಅನ್ನಿಸುತ್ತೆ.

ಹೆಸರು ಕಾರ್ಲ್ ಲಾಗರ್‌ಫೆಲ್ಡ್. ಜರ್ಮನಿಯಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಆಳಿದ ಫ್ಯಾಷನ್ ಡಿಸೈನರ್.

ಬೆಳ್ಳಾವಿ ಕಡೆಯವನಾದ ನನಗೂ ಈತನಿಗೂ ಏನು ಸಂಬಂಧ? ಸಂಬಂಧ ಆ ಕಾಲರ್‌ದೇ. ನಮ್ಮ ಅತ್ತೆ ಎಂಟು ವರ್ಷ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದರು. ಆ ಎಂಟು ವರ್ಷವೂ ಹೊಲಿದದ್ದು ಕಾಲರ್ ಮಾತ್ರ. ತೋಳು ಇನ್ನೊಬ್ಬರು, ಜೇಬು ಮತ್ತೊಬ್ಬರು, ಗುಂಡಿ ಬೇರೆ ಯಾರೋ. ಅವರ ಕೈಯಿಂದ ಒಂದು ಇಡೀ ಶರ್ಟ್ ಹೊರಗೆ ಬರಲೇ ಇಲ್ಲ. ಒಂದು ಬಟ್ಟೆಗೆ ಹೆಸರು ಯಾರದ್ದು, ಕೈ ಯಾರದ್ದು? ಈ ಕಥೆ ಓದುವಾಗೆಲ್ಲ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ ಪ್ರಶ್ನೆ.

ಡಬ್ಬಿ ಹಾಲಿನವರ ಮಗ

ಕಾರ್ಲ್ ಹುಟ್ಟಿದ್ದು 1933ರ ಸೆಪ್ಟೆಂಬರ್ 10ರಂದು, ಹ್ಯಾಂಬರ್ಗ್‌ನಲ್ಲಿ. ಆದರೆ ಆತನನ್ನೇ ಕೇಳಿದ್ದರೆ ಈ ಉತ್ತರ ಸಿಗ್ತಿರಲಿಲ್ಲ. ಒಮ್ಮೆ 1935 ಅಂತಿದ್ದ, ಇನ್ನೊಮ್ಮೆ 1938 ಅಂತಿದ್ದ. ಕೊನೆಗೆ ಚರ್ಚಿನ ದಾಖಲೆ ನಿಜ ಹೇಳಿತು. ಅಪ್ಪ ಸ್ವೀಡನ್ ದೇಶದವರು ಅಂತಲೂ ಒಂದು ಕಾಲದಲ್ಲಿ ಹೇಳಿಕೊಂಡಿದ್ದ.

ಅಪ್ಪ ಓಟೋ ನಿಜಕ್ಕೂ ಜರ್ಮನ್ನರೇ. ಡಬ್ಬಿಯಲ್ಲಿ ತುಂಬಿ ಮಾರೋ ಹಾಲಿನ ವ್ಯಾಪಾರದಲ್ಲಿ ದುಡ್ಡು ಮಾಡಿದವರು. ಅಮ್ಮ ಎಲಿಜಬೆತ್ ಬಹಳ ಖಡಕ್ ಹೆಂಗಸು. ಕಾರ್ಲ್ ಹುಟ್ಟಿದ ವರ್ಷವೇ ಹಿಟ್ಲರ್ ಅಧಿಕಾರಕ್ಕೆ ಬಂದಿದ್ದ. ಮುಂದೆ ಆತನ ಜೀವನಚರಿತ್ರೆ ಬರೆದವರು, ಅಪ್ಪ ಅಮ್ಮ ಇಬ್ಬರೂ ನಾಜಿ ಪಕ್ಷದ ಸದಸ್ಯರಾಗಿದ್ದರು ಅಂತ ದಾಖಲಿಸಿದ್ದಾರೆ. ಯುದ್ಧ ಮುಗಿದು ಹತ್ತು ವರ್ಷವೂ ಆಗದ ಪ್ಯಾರಿಸ್‌ನಲ್ಲಿ "ನಾನು ಜರ್ಮನ್" ಅಂತ ಹೇಳಿಕೊಂಡು ಬದುಕೋದು ಸುಲಭದ ಮಾತಾಗಿರಲಿಲ್ಲ. ವಯಸ್ಸಿನ ಸುಳ್ಳು, ಸ್ವೀಡನ್‌ನ ಸುಳ್ಳು, ಎರಡರ ಬೇರೂ ಅಲ್ಲೇ ಇರಬಹುದು ಅಂತ ನನಗನ್ನಿಸುತ್ತೆ.

ಹುಡುಗ ಬೆಳೆದದ್ದು ಹ್ಯಾಂಬರ್ಗ್‌ನ ಉತ್ತರಕ್ಕಿರೋ ಹಳ್ಳಿಗಾಡಿನಲ್ಲಿ. ಚಿಕ್ಕಂದಿನಲ್ಲೇ ಒಂದು ಚಿತ್ರ ನೋಡಿ ಮರುಳಾದ. ರಾಜ ಎರಡನೇ ಫ್ರೆಡರಿಕ್ ತನ್ನ ಅರಮನೆಯಲ್ಲಿ ಫ್ರೆಂಚ್ ಲೇಖಕ ವೋಲ್ಟೇರ್ ಜೊತೆ ಊಟಕ್ಕೆ ಕೂತಿರೋ ಚಿತ್ರ ಅದು. ರೇಷ್ಮೆ ಕೋಟು, ಬಿಳಿ ಕೃತಕ ಕೂದಲು, ಮೇಜಿನ ಸುತ್ತ ಮಾತು. ಕ್ರಿಸ್‌ಮಸ್‌ಗೆ ಅದರದ್ದೇ ಪ್ರತಿ ಬೇಕು ಅಂತ ಹಟ ಹಿಡಿದನಂತೆ. ಎಪ್ಪತ್ತು ವರ್ಷ ಆದಮೇಲಿನ ಆತನ ಬಿಳಿ ಜುಟ್ಟು ನೋಡಿದರೆ, ಆ ಹುಡುಗ ಆ ಮೇಜು ಬಿಟ್ಟು ಎದ್ದೇ ಇಲ್ಲ ಅನ್ನಿಸುತ್ತೆ.

1950ರ ದಶಕದ ಆರಂಭದಲ್ಲಿ ಕಾರ್ಲ್ ಪ್ಯಾರಿಸ್ ಸೇರಿದ. 1954ರಲ್ಲಿ ಉಣ್ಣೆ ಉದ್ಯಮದವರು ನಡೆಸಿದ ಒಂದು ಸ್ಪರ್ಧೆಯಲ್ಲಿ ಕೋಟಿನ ವಿಭಾಗದ ಮೊದಲ ಬಹುಮಾನ ಇವನಿಗೆ ಬಂತು. ಉಡುಪಿನ ವಿಭಾಗದಲ್ಲಿ ಗೆದ್ದ ಇನ್ನೊಬ್ಬ ಹುಡುಗನ ಹೆಸರು ಇವ್ ಸಾಂ ಲೊರಾಂ. ಮುಂದೆ ಪ್ಯಾರಿಸ್ ಫ್ಯಾಷನ್ನಿನ ಎರಡು ದೊಡ್ಡ ಹೆಸರುಗಳು ಒಂದೇ ದಿನ ಒಂದೇ ವೇದಿಕೆಯಲ್ಲಿ! ಸಾಂ ಲೊರಾಂ ಬೇಗ ತಾರೆಯಾದ. ಕಾರ್ಲ್ ಮೊದಲು ಬಾಲ್ಮೇನ್ ಅನ್ನೋ ಫ್ಯಾಷನ್ ಮನೆಯಲ್ಲಿ, ಆಮೇಲೆ ಪಟೂ ಅನ್ನೋ ಮನೆಯಲ್ಲಿ ಕೆಲಸ ಕಲಿತ.

ಗುತ್ತಿಗೆ ಕೆಲಸದ ದೊರೆ

ಇಲ್ಲಿ ಒಂದು ವಿಷಯ ಗಮನಿಸಿ. ಬೇರೆ ಡಿಸೈನರ್‌ಗಳೆಲ್ಲ ತಮ್ಮ ಹೆಸರಿನ ಅಂಗಡಿ ತೆರೆಯೋ ಕನಸು ಕಾಣ್ತಿದ್ದಾಗ, ಕಾರ್ಲ್ ಆರಿಸಿಕೊಂಡದ್ದು ಗುತ್ತಿಗೆ ಕೆಲಸ. 1964ರಿಂದ ಕ್ಲೋಯಿಗೆ. 1965ರಿಂದ ರೋಮ್‌ನ ಫೆಂಡಿಗೆ. ಫೆಂಡಿಯನ್ನು ಆಗ ನಡೆಸ್ತಿದ್ದವರು ಐವರು ಅಕ್ಕತಂಗಿಯರು. ಭಾರವಾದ ತುಪ್ಪಳದ ಕೋಟುಗಳನ್ನು ಹಗುರ ಮಾಡಿ, ಹರೆಯದವರೂ ಹಾಕೋ ಹಾಗೆ ಮಾಡಿಕೊಟ್ಟ. ಫೆಂಡಿ ಬ್ಯಾಗುಗಳ ಮೇಲೆ ಎರಡು 'ಎಫ್' ಇರುತ್ತಲ್ಲ, ಅದನ್ನು ಬರೆದದ್ದೂ ಈತನೇ. ಆ ಮನೆಯ ಜೊತೆ ಸಾಯೋವರೆಗೂ ಇದ್ದ, ಅಂದ್ರೆ 54 ವರ್ಷ. ಪ್ರಾಣಿಗಳ ಪರ ಹೋರಾಟಗಾರರು ತುಪ್ಪಳದ ವಿಚಾರಕ್ಕೆ ಎಷ್ಟೇ ಬೈದರೂ ಬಿಡಲಿಲ್ಲ.

ಆದರೆ ಆತನನ್ನು ಆತನನ್ನಾಗಿ ಮಾಡಿದ್ದು ಶನೆಲ್. ಕೊಕೊ ಶನೆಲ್ 1971ರಲ್ಲಿ ತೀರಿಕೊಂಡ ಮೇಲೆ ಅವರ ಮನೆ ಮಂಕಾಗಿತ್ತು. ಹೆಸರಿತ್ತು, ಸುಗಂಧದ್ರವ್ಯ ಮಾರಾಟ ಆಗ್ತಿತ್ತು, ಬಟ್ಟೆ ಮಾತ್ರ ಅಜ್ಜಿಯರ ಬಟ್ಟೆ ಅನ್ನಿಸಿಕೊಂಡಿತ್ತು. ಸತ್ತ ಮನೆಗೆ ಯಾಕೆ ಹೋಗ್ತೀಯ ಅಂತ ಸುತ್ತಲಿನವರು ಹೇಳಿದರೂ ಕಾರ್ಲ್ ಒಪ್ಪಿಕೊಂಡ. 1983ರ ಜನವರಿಯಲ್ಲಿ ಮೊದಲ ಪ್ರದರ್ಶನ.

ಶನೆಲ್ ಜಾಕೆಟ್‌ಗೆ ಒಂದು ಗುಟ್ಟಿದೆ. ಅಂಚಿನ ಒಳಗೆ ಒಂದು ತೆಳು ಸರಪಳಿ ಹೊಲಿದಿರುತ್ತಾರೆ. ಆ ತೂಕಕ್ಕೆ ಜಾಕೆಟ್ ಮೈಮೇಲೆ ನೇರವಾಗಿ ಇಳಿಯುತ್ತೆ, ಎತ್ತಿಕೊಳ್ಳಲ್ಲ. ಕಾರ್ಲ್ ಆ ಜಾಕೆಟ್ ಕೈಬಿಡಲಿಲ್ಲ. ಅದನ್ನೇ ಜೀನ್ಸ್ ಜೊತೆ ಹಾಕಿಸಿದ, ಗಿಡ್ಡ ಮಾಡಿದ, ಬಣ್ಣ ಬದಲಾಯಿಸಿದ. ಒಳಗೆ ಅಡಗಿದ್ದ ಸರಪಳಿಯನ್ನು ಹೊರಗೆ ತಂದು ಸೊಂಟಕ್ಕೂ ಕೊರಳಿಗೂ ಕಟ್ಟಿದ. ಹಳೆ ಮನೆಗೆ ಹೊಸ ಸುಣ್ಣ ಅಲ್ಲ, ಹಳೆ ಮನೆಯ ಅಟ್ಟ ಜಾಲಾಡಿ ಸಿಕ್ಕಿದ್ದನ್ನೆಲ್ಲ ಅಂಗಳದಲ್ಲಿ ಹರಡಿದ ಹಾಗೆ. 36 ವರ್ಷ ಅದನ್ನೇ ಮಾಡಿದ. ಶನೆಲ್‌ಗೆ ಆತ ಯಾವತ್ತೂ ಮಾಲೀಕನಾಗಿರಲಿಲ್ಲ ಅನ್ನೋದು ನೆನಪಿರಲಿ.

ಗುಬ್ಬಿ ಕಂಪನಿ ನೋಡಿದವರಿಗೆ ಹೊಸದಲ್ಲ

ಈತನ ಫ್ಯಾಷನ್ ಶೋ ಅಂದ್ರೆ ನಾಟಕವೇ. ನಮ್ಮ ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆ ರಂಗಕ್ಕೆ ತಂದಿದ್ದರು ಅಂತ ಮನೆಯಲ್ಲಿ ಹಿರಿಯರು ಹೇಳೋದು ಕೇಳಿರ್ತೀರಿ. ಕಾರ್ಲ್ ಕೂಡ ಅದೇ ಜಾತಿ. ಪ್ಯಾರಿಸ್‌ನ ಗ್ರಾಂ ಪಲೆ ಅನ್ನೋ ಗಾಜಿನ ಚಾವಣಿಯ ಕಟ್ಟಡವೇ ಆತನ ರಂಗಮಂದಿರ. 2010ರಲ್ಲಿ ಅದರ ನಡುವೆ ಸ್ವೀಡನ್‌ನಿಂದ ತರಿಸಿದ ಹಿಮದ ಗುಡ್ಡ ನಿಲ್ಲಿಸಿದ. 2014ರಲ್ಲಿ ಇಡೀ ಸೂಪರ್ ಮಾರ್ಕೆಟ್ ಕಟ್ಟಿಸಿದ, ಮಾಡೆಲ್‌ಗಳು ತಳ್ಳುಗಾಡಿ ಹಿಡಿದು ಸಾಮಾನು ಕೊಳ್ತಾ ನಡೆದರು. 2017ರಲ್ಲಿ ರಾಕೆಟ್ಟೇ ಬಂತು. ಅದಕ್ಕೂ ಮುಂಚೆ, 2007ರಲ್ಲಿ, ಫೆಂಡಿಗಾಗಿ ಚೀನಾದ ಮಹಾಗೋಡೆಯ ಮೇಲೆ 88 ಮಾಡೆಲ್‌ಗಳನ್ನು ನಡೆಸಿದ್ದ.

2011ರ ಡಿಸೆಂಬರ್‌ನಲ್ಲಿ ಬಂದ ಪ್ರದರ್ಶನದ ಹೆಸರು 'ಪ್ಯಾರಿಸ್-ಬಾಂಬೆ'. ನೆಹರೂ ಕಾಲರ್‌ನಂಥ ಕೋಟುಗಳು, ಸೀರೆಯ ನೆರಿಗೆ ನೆನಪಿಸೋ ಉಡುಪುಗಳು, ಬೈತಲೆ ಬೊಟ್ಟು, ಮಹಾರಾಜರ ಔತಣದ ಮೇಜು. ಆದರೆ ಕಾರ್ಲ್ ಅದುವರೆಗೂ ಭಾರತಕ್ಕೆ ಕಾಲಿಟ್ಟಿರಲಿಲ್ಲ! ಪುಸ್ತಕದಲ್ಲಿ ಕಂಡ ಭಾರತ, ಮನಸ್ಸಿನಲ್ಲಿ ಕಟ್ಟಿಕೊಂಡ ಭಾರತ. ಮನೆ ತುಂಬ ಪುಸ್ತಕ ಇಟ್ಟುಕೊಂಡಿದ್ದವನಿಗೆ, ಹೋಗಿ ನೋಡೋದಕ್ಕಿಂತ ಕೂತು ಕಲ್ಪಿಸಿಕೊಳ್ಳೋದೇ ಇಷ್ಟ.

ಆ ಅಭ್ಯಾಸ ಒಮ್ಮೆ ಜೋರಾಗಿಯೇ ಕೈಕೊಟ್ಟಿತ್ತು. 1994ರಲ್ಲಿ ಕೆಲವು ಉಡುಪುಗಳ ಮೇಲೆ ಅರಬ್ಬಿ ಅಕ್ಷರಗಳ ಕಸೂತಿ ಹಾಕಿಸಿದ. ಅವು ಕುರಾನಿನ ಸಾಲುಗಳು ಅಂತ ಗೊತ್ತಾದಾಗ ಮುಸ್ಲಿಂ ಸಮುದಾಯಕ್ಕೆ ನೋವಾಯಿತು, ದೊಡ್ಡ ಪ್ರತಿಭಟನೆಯಾಯಿತು. ತಾಜ್ ಮಹಲ್ ಬಗ್ಗೆಯ ಪುಸ್ತಕದಲ್ಲಿ ಕಂಡ ಸಾಲು, ಪ್ರೇಮ ಕವಿತೆ ಅಂದುಕೊಂಡಿದ್ದೆ ಅಂತ ಹೇಳಿ ಕಾರ್ಲ್ ಕ್ಷಮೆ ಕೇಳಿದ. ಆ ಉಡುಪುಗಳನ್ನು ನಾಶ ಮಾಡಲಾಯಿತು. ಒಂದು ಅಕ್ಷರ ಚೆಂದ ಕಾಣುತ್ತೆ ಅಂತ ತೆಗೆದುಕೊಳ್ಳೋ ಮುಂಚೆ, ಅದನ್ನು ಓದಬಲ್ಲವರೊಬ್ಬರನ್ನು ಕೇಳಿದ್ದರೆ ಸಾಕಿತ್ತು.

ನಾಲಿಗೆ ಹರಿತ

ಕಾರ್ಲ್‌ನ ಖಾಸಗಿ ಬದುಕಿನಲ್ಲಿ ಒಂದೇ ದೊಡ್ಡ ಹೆಸರು, ಜಾಕ್ ದ ಬಾಶೆ. ಬಹಳ ವರ್ಷದ ಸಂಗಾತಿ. 1989ರಲ್ಲಿ ಏಡ್ಸ್‌ನಿಂದ ತೀರಿಕೊಂಡ. ಆಮೇಲಿನ ವರ್ಷಗಳಲ್ಲಿ ಕಾರ್ಲ್ ತುಂಬ ದಪ್ಪಗಾದ, ಸಡಿಲ ಬಟ್ಟೆ ಹಾಕಿ ಬೀಸಣಿಗೆ ಹಿಡಿದು ಓಡಾಡ್ತಿದ್ದ. 2000ದ ಸುಮಾರಿಗೆ ಮನಸ್ಸು ಮಾಡಿ 13 ತಿಂಗಳಲ್ಲಿ 42 ಕೆಜಿ ಇಳಿಸಿದ. ಕಾರಣ ಆರೋಗ್ಯ ಅಲ್ಲವಂತೆ. ಎಡಿ ಸ್ಲಿಮಾನ್ ಅನ್ನೋ ಕಿರಿಯ ಡಿಸೈನರ್ ಮಾಡಿದ ತೆಳು ಸೂಟು ಹಾಕಿಕೊಳ್ಳೋ ಆಸೆಯಂತೆ. ನಾನು ಶುರುವಿನಲ್ಲಿ ಹೇಳಿದ ವೇಷ ಗಟ್ಟಿಯಾದದ್ದು ಆಗಲೇ.

ತಾನು ದಪ್ಪ ಇದ್ದವನು, ದಪ್ಪ ಇರೋರ ಮೇಲೆ ಕರುಣೆ ತೋರಿಸಬೇಕಿತ್ತು ಅಲ್ವಾ? ಇಲ್ಲ. ಹೆಂಗಸರ ಮೈಕಟ್ಟಿನ ಬಗ್ಗೆ ಎಷ್ಟು ಕೆಟ್ಟದಾಗಿ ಮಾತಾಡಿದ ಅಂದ್ರೆ, 2013ರಲ್ಲಿ ಫ್ರಾನ್ಸ್‌ನ ಮಹಿಳಾ ಸಂಘಟನೆಯೊಂದು ದೂರನ್ನೇ ಕೊಟ್ಟಿತು. ಮೀಟೂ ಬಗ್ಗೆ, ವಲಸಿಗರ ಬಗ್ಗೆ ಆಡಿದ ಮಾತುಗಳೂ ಹಾಗೆಯೇ. ಇದನ್ನೆಲ್ಲ "ಕಲಾವಿದರು ಹಾಗೇ" ಅಂತ ತಳ್ಳಿ ಹಾಕೋದು ನನಗೆ ಸರಿ ಕಾಣಲ್ಲ. ಕನ್ನಡಿ ಮುಂದೆ ನಿಂತು ಅಳೋ ಹುಡುಗಿಯರಿಗೆ ಆ ಮಾತು ತಲುಪಿರುತ್ತೆ.

ಇನ್ನೊಬ್ಬ ಜರ್ಮನ್

ಈಗ ಸ್ವಲ್ಪ ನಮ್ಮ ಕರಾವಳಿಗೆ ಬನ್ನಿ. ಇವತ್ತು ಬೆಳ್ಳಾವಿಯಲ್ಲೋ ತುಮಕೂರಲ್ಲೋ ಎರಡು ಹೆಜ್ಜೆ ನಡೆದರೆ ನಿಮಗೆ ಶನೆಲ್ ಕಾಣಲ್ಲ. ಕಾಣೋದು ಖಾಕಿ. ಆಟೋ ಓಡಿಸೋ ಅಣ್ಣ, ಠಾಣೆ ಮುಂದೆ ನಿಂತ ಪೊಲೀಸಪ್ಪ, ಎನ್‌ಸಿಸಿ ಹುಡುಗರು. ಈ ಖಾಕಿ ಕಥೆಯಲ್ಲೂ ಒಬ್ಬ ಜರ್ಮನ್ ಇದ್ದಾನೆ. ಹೆಸರು ಹಾಲರ್. ನೇಯ್ಗೆ ಬಲ್ಲ ಈತ 1851ರಲ್ಲಿ ಬಾಸೆಲ್ ಮಿಶನ್ ಕಡೆಯಿಂದ ಮಂಗಳೂರಿಗೆ ಬಂದ. ಮಿಶನ್‌ನ ನೇಯ್ಗೆ ಕಾರ್ಖಾನೆಯಲ್ಲಿ ಗೇರು ರಸದಿಂದ ಒಂದು ಮಣ್ಣುಬಣ್ಣ ತಯಾರಿಸಿದ, ಆ ಬಟ್ಟೆಯನ್ನು ಮೊದಲು ಅಲ್ಲಿನ ಪೊಲೀಸರು ತೊಟ್ಟರು, ಆಮೇಲೆ ಸೈನ್ಯದವರ ಕಣ್ಣಿಗೆ ಬಿತ್ತು ಅಂತ ಮಿಶನ್ ಇತಿಹಾಸ ಬರೆದವರು ಹೇಳ್ತಾರೆ. ಅದಕ್ಕೂ ಮುಂಚೆ, 1840ರ ದಶಕದಲ್ಲೇ, ಪೇಶಾವರ ಕಡೆ ಲಮ್ಸ್‌ಡೆನ್ ಅನ್ನೋ ಬ್ರಿಟಿಷ್ ಅಧಿಕಾರಿ ತನ್ನ ಪಡೆಗೆ ಇಂಥದ್ದೇ ಬಣ್ಣ ತೊಡಿಸಿದ್ದ. ಖಾಕ್ ಅಂದ್ರೆ ಪಾರ್ಸಿಯಲ್ಲಿ ಧೂಳು. ಮೊದಲಿಗ ಯಾರು ಅನ್ನೋ ವಾದ ಏನೇ ಇರಲಿ, ಮಂಗಳೂರಿನ ಮಗ್ಗಕ್ಕೆ ಆ ಕಥೆಯಲ್ಲಿ ಜಾಗ ಇದೆ.

ಎರಡೂ ಸಮವಸ್ತ್ರವೇ ನೋಡಿ. ಖಾಕಿ ತೊಟ್ಟವನ ಹೆಸರು ಗೊತ್ತಾಗಲಿ ಅಂತ ಎದೆ ಮೇಲೆ ಬೇರೆ ಪಟ್ಟಿ ಅಂಟಿಸಬೇಕು. ಎಲ್ಲರ ಬಟ್ಟೆಯನ್ನೂ ಆರು ತಿಂಗಳಿಗೊಮ್ಮೆ ಬದಲಾಯಿಸ್ತಿದ್ದ ಕಾರ್ಲ್ ತಾನು ಮಾತ್ರ ಒಂದೇ ಸಮವಸ್ತ್ರ ತೊಟ್ಟ. ಆ ಸಮವಸ್ತ್ರವೇ ಆತನ ಹೆಸರಾಯಿತು. 2004ರಲ್ಲಿ ಎಚ್ ಆಂಡ್ ಎಂ ಕಂಪನಿಗೆ ಅಗ್ಗದ ಬಟ್ಟೆ ಮಾಡಿಕೊಟ್ಟಾಗ ಜನ ಮುಗಿಬಿದ್ದರು. ಟೀ ಶರ್ಟ್ ಮೇಲೆ ಇದ್ದದ್ದು ಆತನದ್ದೇ ಮುಖ.

ಪುಟ್ಟ ಕೈಗಳು

ಕಾರ್ಲ್ ಕೈಯಲ್ಲಿ ಸೂಜಿ ಹಿಡಿದವನಲ್ಲ, ಪೆನ್ಸಿಲ್ ಹಿಡಿದವನು. ಆತ ಗೀಚಿದ ಚಿತ್ರ ನೋಡಿ ಬಟ್ಟೆ ಮಾಡ್ತಿದ್ದವರು ಶನೆಲ್‌ನ ಕಾರ್ಯಾಗಾರದ ಹೆಂಗಸರು. ಅವರನ್ನು ಪ್ಯಾರಿಸ್‌ನಲ್ಲಿ 'ಪುಟ್ಟ ಕೈಗಳು' ಅಂತ ಕರೀತಾರೆ. ಒಂದು ಉಡುಪಿಗೆ ನೂರಾರು ಗಂಟೆ ಕೆಲಸ. ಪ್ಯಾರಿಸ್‌ನ ಎಷ್ಟೋ ದೊಡ್ಡ ಮನೆಗಳ ಕಸೂತಿ ನಡೆಯೋದು ನಮ್ಮ ಮುಂಬಯಿಯ ಕಾರ್ಖಾನೆಗಳಲ್ಲಿ. ಲೇಬಲ್ ಮೇಲೆ ಅವರ್ಯಾರ ಹೆಸರೂ ಇರಲ್ಲ.

ಆದರೆ 2016ರ ಜುಲೈನಲ್ಲಿ ಕಾರ್ಲ್ ಒಂದು ಕೆಲಸ ಮಾಡಿದ. ಹಿಮದ ಗುಡ್ಡ ನಿಂತಿದ್ದ ಅದೇ ಗ್ರಾಂ ಪಲೆಗೆ ಈ ಸಲ ಕಾರ್ಯಾಗಾರವನ್ನೇ ತಂದ. ಮೇಜು, ಬಟ್ಟೆಯ ತಾನು, ಸೂಜಿ, ದಾರ. ಬಿಳಿ ಕೋಟು ತೊಟ್ಟ ಆ ಹೆಂಗಸರು ಅಲ್ಲೇ ಕೂತು ಹೊಲೀತಾ ಇದ್ದರು, ಅವರ ಸುತ್ತ ಮಾಡೆಲ್‌ಗಳು ನಡೆದರು. ಆತನ ಎಲ್ಲ ಆಟಗಳಲ್ಲಿ ನನಗೆ ಇಷ್ಟವಾದದ್ದು ಇದೇ.

2019ರ ಫೆಬ್ರವರಿ 19ರಂದು, 85ನೇ ವಯಸ್ಸಿನಲ್ಲಿ, ಕಾರ್ಲ್ ತೀರಿಕೊಂಡ. ಮುದ್ದಿನ ಬೆಕ್ಕು ಶುಪೆಟ್ ಹಿಂದೆ ಉಳಿಯಿತು. 2023ರಲ್ಲಿ ನ್ಯೂಯಾರ್ಕ್‌ನ ಮೆಟ್ ಮ್ಯೂಸಿಯಂ ಆತನ ಕೆಲಸದ ದೊಡ್ಡ ಪ್ರದರ್ಶನ ಇಟ್ಟಿತು. ಆ ಸಲದ ಮೆಟ್ ಗಾಲಾದಲ್ಲೇ ಆಲಿಯಾ ಭಟ್ ಮುತ್ತು ಪೋಣಿಸಿದ ಬಿಳಿ ಗೌನ್ ತೊಟ್ಟು ಬಂದದ್ದು. ಆ ರೀಲ್ಸ್ ನೀವೂ ನೋಡಿರ್ತೀರಿ.

ಈ ಸಂಚಿಕೆ ಬರೆಯೋವಾಗ ಅತ್ತೆಗೆ ಕಾರ್ಲ್ ಫೋಟೋ ತೋರಿಸಿದೆ. ಈ ಜುಟ್ಟು, ಈ ಉಂಗುರ ನೋಡಿ ನಗ್ತಾರೆ ಅಂದುಕೊಂಡಿದ್ದೆ. ಅವರು ಫೋನ್ ಇಸ್ಕೊಂಡು, ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿ, ಕಾಲರನ್ನೇ ನೋಡ್ತಾ ಕೂತರು.

"ಒಳಗೆ ಗಟ್ಟಿ ಕ್ಯಾನ್ವಾಸ್ ಹಾಕವ್ರೆ ಮಗಾ. ಮೂಲೆ ನೋಡು, ಒಂಚೂರೂ ಸೊಟ್ಟ ಇಲ್ಲ. ಯಾರು ಹೊಲ್ದಿದ್ದು?"

ಆ ಶರ್ಟುಗಳು ಹಿಲ್ಡಿಚ್ ಆಂಡ್ ಕೀ ಅನ್ನೋ ಹಳೇ ಅಂಗಡಿಯವು ಅಂತ ಓದಿದ್ದೆ, ಅದನ್ನೇ ಹೇಳಿದೆ.

"ಅದು ಅಂಗಡಿ ಹೆಸ್ರು. ನಾನ್ ಕೇಳಿದ್ದು ಹೊಲ್ದೋರ್ದು" ಅಂದರು.

ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತು ನೀವು ಹಾಕಿಕೊಂಡಿರೋ ಬಟ್ಟೆಯ ಕಾಲರ್ ಒಮ್ಮೆ ಮುಟ್ಟಿ ನೋಡಿ.